ತಬ್ಬಲಿಯ ಕಥೆ ಮತ್ತು ಗುರುತಿನ ಆಶಯ: ಮೂರು ಇಂಗ್ಲಿಷ್ ಕಾದಂಬರಿಗಳು

ಜನಪದ ಕಥೆಗಳಲ್ಲಿ ತಬ್ಬಲಿಯ ಅಲೆದಾಟ ಬಹುಮಟ್ಟಿಗೆ ಗುರುತಿನ ಪ್ರಾಪ್ತಿಯಲ್ಲಿ ಕೊನೆಗೊಳ್ಳುತ್ತದೆ. ಆರ್ನೆ-ಥಾಂಪ್ಸನ್-ಊಥರ್ ಸೂಚಿಯಲ್ಲಿ 510ಎ ಸಂಖ್ಯೆಯನ್ನು ಪಡೆದಿರುವ ಸಿಂಡರೆಲಾ ಮಾದರಿಯಲ್ಲಿ, ಪಾದರಕ್ಷೆ ಸರಿಹೊಂದಿದೊಡನೆ ತಾಯಿಯಿಲ್ಲದ ಹುಡುಗಿಯ ಯೋಗ್ಯತೆ ಪ್ರಕಟವಾಗುತ್ತದೆ. ವಿವಾಹ ಅದರ ಫಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿ ಈ ಚೌಕಟ್ಟನ್ನು ಉಳಿಸಿಕೊಂಡಿತಾದರೂ ಪಾದರಕ್ಷೆಯ ಸ್ಥಾನದಲ್ಲಿ ಹಣವನ್ನು ಇರಿಸಿತು. ಪಾದರಕ್ಷೆ ಎಲ್ಲಿಂದ ಬಂತೆಂದು ಕಥೆಯೊಳಗೆ ಯಾರೂ ವಿಚಾರಿಸುವುದಿಲ್ಲ. ಹಣದ ವಿಷಯದಲ್ಲಿ ಆ ಪ್ರಶ್ನೆ ತಪ್ಪುವುದಿಲ್ಲ.

ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಹಳೆಯ ಮಾದರಿಗೆ ಹೆಚ್ಚು ಸಮೀಪವಾದುದು. ಅತ್ತೆಯ ಮನೆಯ ತಿರಸ್ಕಾರ, ಧರ್ಮಶಾಲೆಯ ಹಸಿವು ಇವುಗಳನ್ನು ದಾಟಿದ ಜೇನ್, ಸಿರಿವಂತನಾದ ರೋಚೆಸ್ಟರನ ಮನೆಯಲ್ಲಿ ಪಾಠ ಹೇಳುವ ಗವರ್ನೆಸ್ ಆಗುತ್ತಾಳೆ. ಆಕೆ ಯಜಮಾನರ ಸಾಲಿಗೂ ಸೇರಿದವಳಲ್ಲ, ಆಳುಗಳ ಸಾಲಿಗೂ ಸೇರಿದವಳಲ್ಲ. ಮಡೀರಾ ದ್ವೀಪದಲ್ಲಿದ್ದ ಚಿಕ್ಕಪ್ಪನಿಂದ ಬಂದ 20,000 ಪೌಂಡುಗಳನ್ನು ಆಕೆ ಮೂವರು ಬಂಧುಗಳೊಡನೆ ಸಮನಾಗಿ ಹಂಚಿಕೊಂಡು, 5,000 ಪೌಂಡುಗಳ ಒಡತಿಯಾಗಿ ಮರಳುತ್ತಾಳೆ. ಅಷ್ಟರಲ್ಲಿ ರೋಚೆಸ್ಟರ್ ದೃಷ್ಟಿಯನ್ನೂ ಒಂದು ಕೈಯನ್ನೂ ಮನೆಯನ್ನೂ ಕಳೆದುಕೊಂಡಿರುತ್ತಾನೆ. ಅಂತರವು ಎರಡೂ ಕಡೆಯಿಂದ ಕುಗ್ಗಿದ ಬಳಿಕವೇ ವಿವಾಹ ಸಾಧ್ಯವಾಗುತ್ತದೆ.

ಅದೇ ವರ್ಷ ಪ್ರಕಟವಾದ ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಗುರುತಿನ ಆಶಯವನ್ನೇ ನಿರಾಕರಿಸುತ್ತದೆ. ಲಿವರ್‌ಪೂಲಿನ ಬೀದಿಯಿಂದ ಬಂದ ಹೀತ್‌ಕ್ಲಿಫನ ಹುಟ್ಟು ಕೊನೆಯವರೆಗೂ ತಿಳಿಯುವುದಿಲ್ಲ. ಅವನ ಹೆಸರು ಕೂಡ ಆ ಮನೆಯ ಸತ್ತ ಮಗನದು. ಅವನು ಗಳಿಸಿ ತಂದ ಹಣದ ಮೂಲವೂ ಗುಪ್ತ. ಅವನಿಗೆ ಎರಡು ಮನೆಗಳು ದೊರಕುತ್ತವೆ, ಕ್ಯಾಥರೀನ್ ದೊರಕುವುದಿಲ್ಲ.

ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1860-61) ಈ ಆಶಯವನ್ನು ತಲೆಕೆಳಗು ಮಾಡುತ್ತದೆ. ಕಮ್ಮಾರ ಜೋನ ಮನೆಯಲ್ಲಿ ಬೆಳೆದ ಪಿಪ್, ತನ್ನನ್ನು ಎಸ್ಟೆಲಾಳಿಗೆ ತಕ್ಕವನನ್ನಾಗಿಸಲು ಮಿಸ್ ಹ್ಯಾವಿಷಮ್ ಹಣ ನೀಡುತ್ತಿದ್ದಾಳೆಂದು ನಂಬುತ್ತಾನೆ. ಹಾಗೆ ನಂಬಿ ಜೋನ ವಿಷಯದಲ್ಲಿ ನಾಚಿಕೆಪಡುತ್ತಾನೆ. ಆದರೆ ದಾನಿಯು ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರಾಗಿದ್ದ ಕೈದಿ ಮ್ಯಾಗ್ವಿಚ್. ಎಸ್ಟೆಲಾ ಅವನದೇ ಮಗಳು. ಬಡವಳೆಂದುಕೊಂಡವಳು ರಾಜಕುಮಾರಿಯಾಗಿ ಹೊರಬೀಳುವ ಬದಲು, ರಾಜಕುಮಾರಿಯೆಂದುಕೊಂಡವಳು ಕೈದಿಯ ಮಗಳಾಗಿ ಹೊರಬೀಳುತ್ತಾಳೆ. ಮರಣಶಯ್ಯೆಯಲ್ಲಿರುವ ತಂದೆಗೆ ಪಿಪ್ ಈ ಸತ್ಯವನ್ನು ತಿಳಿಸುತ್ತಾನೆ, ಅವಳಿಗೆ ತಿಳಿಸುವುದಿಲ್ಲ. ಮ್ಯಾಗ್ವಿಚನ ಆಸ್ತಿ ಸರ್ಕಾರದ ವಶವಾಗುತ್ತದೆ. ಪಿಪ್‌ನ ಸಾಲ ತೀರಿಸುವವನು ಜೋ.

ಆದುದರಿಂದ ಈ ಕೃತಿಗಳನ್ನು ಸಿಂಡರೆಲಾ ಕಥೆಯ ವಿಸ್ತರಣೆಗಳೆಂದು ವರ್ಗೀಕರಿಸಿ ನಿಲ್ಲುವುದು ಅಪೂರ್ಣ ಅಧ್ಯಯನವಾಗುತ್ತದೆ. ಕಥೆಯಲ್ಲಿ ತಬ್ಬಲಿಗೆ ಅರಮನೆ ದೊರೆತರೆ ನ್ಯಾಯ ಪೂರ್ಣವಾಗುತ್ತದೆ. ತಬ್ಬಲಿಯನ್ನು ಸಾಕಿದ ಕುಲುಮೆಯ ಋಣ ಏನಾಯಿತು ಎಂಬುದನ್ನು ಕೇಳಿದ ಕೀರ್ತಿ ಡಿಕನ್ಸನ ಕಾದಂಬರಿಯದು.