ಟಾಟ್ರಾದ ಬೆನ್ನೆಲುಬು

ಗಣರಾಜ್ಯೋತ್ಸವದ ಪೆರೇಡಿನಲ್ಲಿ ಪಿನಾಕಾ ರಾಕೆಟ್ ಲಾಂಚರ್ ಬಂತೆಂದರೆ ಎಲ್ಲರ ಕಣ್ಣೂ ಮೇಲಿನ ಕೊಳವೆಗಳತ್ತ. ಲಾರಿಯ ರುಚಿ ಹತ್ತಿದವರು ನೋಡಬೇಕಾದದ್ದು ಕೆಳಗಿನ ಎಂಟು ಚಕ್ರಗಳನ್ನು. ಅದು ಟಾಟ್ರಾ. ಜೆಕ್ ನಾಡಿನ ಕೊಪ್ರಿವ್ನಿಟ್ಸೆಯಲ್ಲಿ ಹುಟ್ಟಿ, 1986ರ ಒಪ್ಪಂದದಿಂದ ಬೆಂಗಳೂರಿನ ಬೆಮೆಲ್ ಮೂಲಕ ನಮ್ಮ ಸೇನೆಗೆ ಬಂದ ಲಾರಿ. ಇಷ್ಟು ಚೆಂದದ ಗಾಡಿ ಸೇನೆಯ ಶೆಡ್ಡಿಗೆ ಇನ್ನೊಂದು ಬಂದಿಲ್ಲ ಎಂದೇ ನನ್ನ ಎಣಿಕೆ. ಇಷ್ಟು ಕೆಟ್ಟ ಹೆಸರು ಹೊತ್ತದ್ದೂ ಇನ್ನೊಂದಿಲ್ಲ.

ಹೆದ್ದಾರಿಯ ಲಾರಿಯ ಕೆಳಗೆ ಬಗ್ಗಿ ನೋಡಿ. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳ ಚಾಸಿ, ಕಮಾನು ಪ್ಲೇಟುಗಳಿಗೆ ಬಿಗಿದ ಗಟ್ಟಿ ಆಕ್ಸಲ್. ಎಡಗಾಲಿ ಕಲ್ಲು ಹತ್ತಿದರೆ ಬಲಗಾಲಿಯೂ ಓರೆಯಾಗುತ್ತದೆ, ಚಾಸಿ ತಿರುಚಿಕೊಳ್ಳುತ್ತದೆ. ಡಾಂಬರು ರಸ್ತೆಗೆ ಇಷ್ಟು ಸಾಕು. ಟಾಟ್ರಾದ ನಡುವೆ ಇರುವುದು ಒಂದೇ ದಪ್ಪ ಉಕ್ಕಿನ ಕೊಳವೆ. ಹ್ಯಾನ್ಸ್ ಲೆಡ್ವಿಂಕಾ 1923ರಲ್ಲಿ ಟಾಟ್ರಾ 11 ಎಂಬ ಪುಟ್ಟ ಕಾರಿಗೆ ಮಾಡಿದ ಏರ್ಪಾಡು ಅದು. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಒಯ್ಯುವ ಶಾಫ್ಟ್ ಆ ಕೊಳವೆಯೊಳಗೇ ತಿರುಗುತ್ತದೆ. ಕಲ್ಲು, ಕೆಸರು ಅದನ್ನು ಮುಟ್ಟುವುದಿಲ್ಲ. ಕೊಳವೆಯ ಎರಡೂ ಬದಿಗೆ ಅರ್ಧರ್ಧ ಆಕ್ಸಲ್‌ಗಳು ಹಕ್ಕಿಯ ರೆಕ್ಕೆಯಂತೆ ಬೇರೆಬೇರೆಯಾಗಿ ಏರಿಳಿಯುತ್ತವೆ. ಒಂದು ಚಕ್ರ ಗುಂಡಿಗಿಳಿದರೂ ಕೊಳವೆ ತಿರುಚುವುದಿಲ್ಲ, ಮೇಲಿನ ಲಾಂಚರ್ ಅಲುಗಾಡುವುದೂ ಕಡಿಮೆ. ಹಳೆಯ ಟಾಟ್ರಾ ಖಾಲಿ ನಿಂತಾಗ ಮುಂದಿನಿಂದ ನೋಡಬೇಕು: ಚಕ್ರಗಳ ತಲೆ ಹೊರಕ್ಕೆ, ಬುಡ ಒಳಕ್ಕೆ. ಹೇರು ಬಿದ್ದಮೇಲೆ ನೆಟ್ಟಗಾಗುತ್ತವೆ. ಎಂಜಿನ್ ಗಾಳಿಯಿಂದಲೇ ತಂಪಾಗುವಂಥದ್ದು. ಲಡಾಖಿನ ಚಳಿಯಲ್ಲಿ ಹೆಪ್ಪುಗಟ್ಟಲು ರೇಡಿಯೇಟರೂ ಇಲ್ಲ, ನೀರೂ ಇಲ್ಲ.

ಬಾಡಿಗೆ ಲಾರಿಯ ಮಾಲೀಕನ ಲೆಕ್ಕವೇ ಬೇರೆ. ಡೀಸೆಲ್ ಎಷ್ಟು ಕುಡಿಯಿತು, ಟೈರು ಎಷ್ಟು ದಿನ ಬಂತು, ತಿಂಗಳ ಕಂತು ಹುಟ್ಟಿತೇ? ಗಾಡಿ ಒಂದು ದಿನ ನಿಂತರೂ ನಷ್ಟ. ಸೇನೆಯ ಲಾರಿ ತಿಂಗಳುಗಟ್ಟಲೆ ನಿಂತೇ ಇರಬಹುದು, ಕರೆ ಬಂದ ಬೆಳಗ್ಗೆ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ಐದು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ, ಎಂಜಿನ್ನಿಗೂ ಏದುಸಿರು. ಟೈರನ್ನೇ ನೋಡಿ. ಬಾಡಿಗೆ ಲಾರಿಗೆ ಹಿಂದೆ ಜೋಡಿ ಟೈರು, ಹೆಚ್ಚು ಹೇರು ಹೊರಲು. ಮರುಭೂಮಿಯಲ್ಲಿ ಆ ಜೋಡಿಯೇ ತೊಡಕು. ಮುಂದಿನ ಚಕ್ರ ಒತ್ತಿದ ಜಾಡು ಬಿಟ್ಟು ಹೊಸ ಮರಳನ್ನು ಅಗೆಯುತ್ತದೆ, ಎರಡು ಟೈರುಗಳ ಸಂದಿಗೆ ಕಲ್ಲು ಸಿಕ್ಕಿಕೊಳ್ಳುತ್ತದೆ. ಸೇನೆಯ ಗಾಡಿಗೆ ಹಿಂದೆಯೂ ಒಂಟಿ ಟೈರು ಇರುವುದು ಅದಕ್ಕೇ.

ಹಾಗೆಂದು ಅಕ್ಕಿಮೂಟೆ, ಪಡಿತರ ಸಾಗಿಸಲು ಟಾಟ್ರಾ ಬೇಕಿಲ್ಲ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್, ಅದರ ನಂತರ ಬಂದ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಆ ಕೆಲಸವನ್ನು ಚೆನ್ನಾಗಿಯೇ ಮಾಡಿವೆ. ಪೇಟೆಯ ಲಾರಿಯ ಬಿಡಿಭಾಗಗಳನ್ನೇ ಆದಷ್ಟು ಬಳಸಿದ ಸೇನಾ ಲಾರಿ ಅಗ್ಗ, ರಿಪೇರಿಯೂ ಸುಲಭ. ಎರಡು ಕೆಲಸಕ್ಕೆ ಎರಡು ಬಗೆಯ ಗಾಡಿ ಎಂಬುದನ್ನು ಕೊಳ್ಳುವವರು ಮರೆಯಬಾರದು, ಅಷ್ಟೆ.

ಟಾಟ್ರಾಕ್ಕೆ ಕೆಟ್ಟ ಹೆಸರು ಅಂಟಿದ್ದು ಹೀಗೆ. 2012ರಲ್ಲಿ ಸೇನಾ ಮುಖ್ಯಸ್ಥ ಜನರಲ್ ವಿ.ಕೆ. ಸಿಂಗ್, 600 ಕಳಪೆ ವಾಹನಗಳ ಖರೀದಿಗೆ ಒಪ್ಪಿಗೆ ಕೊಟ್ಟರೆ 14 ಕೋಟಿ ರೂಪಾಯಿ ಲಂಚ ಕೊಡುವುದಾಗಿ ತಮಗೆ ಆಮಿಷ ಒಡ್ಡಲಾಗಿತ್ತು ಎಂದರು. ಸಿಬಿಐ ಪ್ರಕರಣ ದಾಖಲಿಸಿತು. ಅದು ಕೈಹಾಕಿದ್ದು ಮುಖ್ಯವಾಗಿ 1997ರ ವ್ಯವಹಾರಕ್ಕೆ: ಮೂಲ ತಯಾರಕರಿಂದ ನೇರವಾಗಿ ಕೊಳ್ಳಬೇಕಾದ ಲಾರಿ ಬ್ರಿಟನ್ನಿನ ಟಾಟ್ರಾ ಸಿಪಾಕ್ಸ್ ಎಂಬ ಕಂಪನಿಯ ಮೂಲಕ ಏಕೆ ಬಂತು? ಸರಿಯಾದ ಪ್ರಶ್ನೆ. ಆದರೆ ಟೀವಿ ಚರ್ಚೆಗಳಲ್ಲಿ ‘ಕಳಪೆ’ ಎಂಬ ಮಾತು ಲಾರಿಗೇ ಅಂಟಿಕೊಂಡಿತು. ಪೃಥ್ವಿ, ಬ್ರಹ್ಮೋಸ್ ಕ್ಷಿಪಣಿಗಳನ್ನು ಹೊತ್ತು ತಿರುಗಿದ ಗಾಡಿ ಕಳಪೆಯಲ್ಲ. ನನಗೆ ನೋವಾಗುವುದು ಇನ್ನೊಂದಕ್ಕೆ. ಕಾಲು ಶತಮಾನ ಜೋಡಿಸಿದ ಮೇಲೂ ಸ್ಟೀರಿಂಗ್ ಎಡಕ್ಕೇ ಇತ್ತು. ನಮ್ಮ ಚಾಲಕ ಬಲಬದಿಗೆ ಕೂರುವವನು ಎಂಬುದನ್ನು ಕಡತದಲ್ಲಿ ಯಾರೂ ಬರೆಯಲಿಲ್ಲವೇ?

ಖರೀದಿಯ ಕ್ರಮವೇ ಹಾಗಿದೆ. ಸೇನೆ ತನಗೆ ಬೇಕಾದ ಗುಣಗಳ ಪಟ್ಟಿ ಮಾಡುತ್ತದೆ. ಕಂಪನಿಗಳು ತಮ್ಮದೇ ಖರ್ಚಿನಲ್ಲಿ ಗಾಡಿ ತಂದು ಮರಳುಗಾಡಿನಲ್ಲಿ, ಹಿಮಾಲಯದಲ್ಲಿ ಓಡಿಸಿ ತೋರಿಸಬೇಕು. ಪಾಸಾದವರಲ್ಲಿ ಕಡಿಮೆ ಬೆಲೆ ಹೇಳಿದವನಿಗೆ ಆರ್ಡರು. ಪಟ್ಟಿಗಿಂತ ಹೆಚ್ಚು ಸಾಮರ್ಥ್ಯವಿದ್ದರೆ ಗರಿಷ್ಠ ಶೇ 10ರಷ್ಟು ಬೆಲೆ ರಿಯಾಯಿತಿ ಲೆಕ್ಕಕ್ಕೆ ಹಿಡಿಯಬಹುದು ಎಂಬ ನಿಯಮ ಬರಲು 2016ರ ತನಕ ಕಾಯಬೇಕಾಯಿತು. ಇಪ್ಪತ್ತು ವರ್ಷ ದುಡಿಯಬೇಕಾದ ಗಾಡಿಗೆ ಷೋರೂಮಿನ ಬೆಲೆ ಒಂದು ಪಾಲು ಮಾತ್ರ. ಹತ್ತನೆಯ ವರ್ಷದಲ್ಲಿ ಸೀಲುಗಳು ಸಿಗುತ್ತವೆಯೇ, ಕ್ಲಚ್ ಬದಲಿಸಲು ಎಷ್ಟು ಗಂಟೆ, ಎಂಜಿನ್ ಇಳಿಸದೆ ರಿಪೇರಿ ಆಗುತ್ತದೆಯೇ ಎಂಬುದಕ್ಕೂ ಅಂಕ ಬೇಕು. ಆ ಅಂಕ ಹಾಕುವ ಸಮಿತಿಯಲ್ಲಿ, ಮೈನಸ್ ಮೂವತ್ತರ ಚಳಿಯಲ್ಲಿ ಗಾಡಿಯಡಿ ಮಲಗಿ ಸ್ಪ್ಯಾನರ್ ಹಿಡಿದ, ಸೇನೆಯ ದುರಸ್ತಿ ವಿಭಾಗವಾದ ಇಎಂಇಯ ಹವಾಲ್ದಾರನೂ ಕೂರಬೇಕು, ಬೆಲೆಯ ಲಕೋಟೆ ಒಡೆಯುವ ಮೊದಲೇ.