ಫ್ಲ್ಯಾಪ್ ಎಂದರೆ ಬ್ರೇಕೇ?

ತಾವರಗೇರಾ ಕಡೆಯ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಇಬ್ಬರು ವಿದ್ಯಾರ್ಥಿನಿಯರು ಥರ್ಮೋಕೋಲಿನ ಗ್ಲೈಡರ್ ಮಾದರಿ ಮಾಡಿ, ರೆಕ್ಕೆಯ ಹಿಂದಿನ ಅಂಚಿಗೆ ಮಡಚುವ ಪಟ್ಟಿಗಳನ್ನು ಜೋಡಿಸಿದ್ದರು. ಇವೇ ಫ್ಲ್ಯಾಪ್‌ಗಳು. ಪಕ್ಕದ ಚಾರ್ಟಿನಲ್ಲಿ ಹೀಗಿತ್ತು: ‘ಫ್ಲ್ಯಾಪ್ ವಿಮಾನದ ಬ್ರೇಕ್. ಇಳಿಸಿದರೆ ವೇಗ ತಗ್ಗುತ್ತದೆ, ಎತ್ತಿದರೆ ಹೆಚ್ಚುತ್ತದೆ.’

“ಇದು ಹೇಗೆ?” ಎಂದೆ. “ಪುಸ್ತಕದಾಗ ಹಂಗ ಐತ್ರೀ ಸರ್” ಎಂದಳು ಒಬ್ಬಳು. ಇನ್ನೊಬ್ಬಳು ತಡೆದು ಕೇಳಿದಳು: “ಬ್ರೇಕ್ ಅಂದ್ರ ರೆಕ್ಕಿ ಯಾಕ ಹೆಚ್ಚು ಮ್ಯಾಲ ಎತ್ತತೈತ್ರೀ?” ಆ ಪ್ರಶ್ನೆ ಚಾರ್ಟಿಗಿಂತ ದೊಡ್ಡದು. ನಾವು ತರಗತಿಯಲ್ಲಿ ಹೇಳಿಕೊಡುವ ಆ ವಾಕ್ಯವನ್ನು ಒಮ್ಮೆ ಪರೀಕ್ಷಿಸೋಣ.

ಗ್ಲೈಡರಿಗೆ ಎಂಜಿನ್ ಇಲ್ಲ. ಎತ್ತರವೇ ಅದರ ಇಂಧನ. ಚಾಲಕ ಮೂತಿಯನ್ನು ತಗ್ಗಿಸಿದರೆ ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗಿ ವೇಗ ಏರುತ್ತದೆ. ಎತ್ತಿದರೆ ವೇಗ ಎತ್ತರವಾಗಿ ಮರಳುತ್ತದೆ. ಗಂಟೆಗೆ 144 ಕಿ.ಮೀ. ವೇಗದಿಂದ 90 ಕಿ.ಮೀ.ಗೆ ಇಳಿದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಸುಮಾರು 50 ಮೀಟರ್ ಎತ್ತರ ದೊರೆಯುತ್ತದೆ. ಅಂದರೆ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಬಾಲದ ಎಲಿವೇಟರ್. ಹಾಗಾದರೆ ಫ್ಲ್ಯಾಪಿನ ಕೆಲಸವೇನು?

ಫ್ಲ್ಯಾಪ್ ರೆಕ್ಕೆಯ ಬಾಗನ್ನು ಬದಲಿಸುತ್ತದೆ. ಎತ್ತುವ ಬಲವು ವೇಗದ ವರ್ಗ ಮತ್ತು ಎತ್ತುವ ಗುಣಾಂಕ ಇವೆರಡರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಒಂದು ರೆಕ್ಕೆಯ ಗರಿಷ್ಠ ಗುಣಾಂಕ 1.2 ಎಂದೂ, ಫ್ಲ್ಯಾಪ್ ಇಳಿಸಿದಾಗ ಅದು 1.5 ಎಂದೂ ಊಹಿಸಿಕೊಳ್ಳಿ. ತೂಕ ಬದಲಾಗಿಲ್ಲ. ಮೊದಲು 72 ಕಿ.ಮೀ. ವೇಗಕ್ಕಿಂತ ಕೆಳಗೆ ಸ್ಟಾಲ್ ಆಗುತ್ತಿದ್ದ, ಅಂದರೆ ಎತ್ತುವ ಬಲ ಕುಸಿಯುತ್ತಿದ್ದ ಗ್ಲೈಡರ್ ಈಗ ಸುಮಾರು 64 ಕಿ.ಮೀ.ವರೆಗೂ ಹಾರಬಲ್ಲದು. ಫ್ಲ್ಯಾಪ್ ತಗ್ಗಿಸಿದ್ದು ಹಾರಬಹುದಾದ ಕನಿಷ್ಠ ವೇಗವನ್ನು. ಆ ಅವಕಾಶವನ್ನು ಬಳಸಿ ನಿಧಾನವಾಗಿ ಹಾರುವವನು ಚಾಲಕ.

ತಾವರಗೇರಾದ ಬಯಲಿನ ಮೇಲೆ ಬೇಸಿಗೆಯ ಮಧ್ಯಾಹ್ನ ಹದ್ದುಗಳನ್ನು ನೋಡಿ. ಮೇಲೇರುವ ಬಿಸಿಗಾಳಿಯಲ್ಲಿ ರೆಕ್ಕೆ, ಬಾಲ ಹರಡಿ ನಿಧಾನವಾಗಿ ಸುತ್ತುತ್ತವೆ. ಅಲ್ಲಿಂದ ಮುಂದೆ ಸಾಗುವಾಗ ರೆಕ್ಕೆಯನ್ನು ತುಸು ಮಡಚಿ ಜಾರುತ್ತವೆ. ಫ್ಲ್ಯಾಪ್ ಇರುವ ಗ್ಲೈಡರಿನ ಚಾಲಕನೂ ಸುತ್ತುವಾಗ ಅದನ್ನು ಕೆಳಗಿಳಿಸುತ್ತಾನೆ. ವೇಗವಾಗಿ ಸಾಗುವಾಗ ತುಸು ಮೇಲಕ್ಕೆ ಮಡಚುತ್ತಾನೆ. ಆಗ ಆ ವೇಗದಲ್ಲಿ ರೆಕ್ಕೆಗೆ ಗಾಳಿಯ ತಡೆ ಕಡಿಮೆ. ಬ್ರೇಕಿಗೆ ಹೀಗೆ ‘ಮೇಲಿನ ಸ್ಥಾನ’ ಇರುವುದುಂಟೆ?

ಚಾರ್ಟಿನ ಮಾತಿನಲ್ಲಿ ಅರ್ಧ ಸತ್ಯವಿದೆ, ನಿಜ. ಫ್ಲ್ಯಾಪನ್ನು ಬಹಳ ಇಳಿಸಿದರೆ ತಡೆ ಹೆಚ್ಚುತ್ತದೆ. 1973ರಲ್ಲಿ ಮೊದಲು ಹಾರಿದ ಫಿನ್ಲೆಂಡಿನ ಪಿಐಕೆ-20 ಗ್ಲೈಡರಿನಲ್ಲಿ ಅದು 90 ಡಿಗ್ರಿಯವರೆಗೆ ಇಳಿದು ಬ್ರೇಕಿನ ಕೆಲಸವನ್ನೂ ಮಾಡುತ್ತಿತ್ತು. ಆದರೆ ಬಹುತೇಕ ಗ್ಲೈಡರುಗಳಲ್ಲಿ ಆ ಕೆಲಸಕ್ಕೆ ರೆಕ್ಕೆಯಿಂದ ಮೇಲೇಳುವ ಬೇರೆ ಫಲಕಗಳಿವೆ. ಎಷ್ಟೋ ಗ್ಲೈಡರುಗಳಿಗೆ ಫ್ಲ್ಯಾಪೇ ಇಲ್ಲ.

ಇದು ಬರಿಯ ಪದದ ಜಗಳವಲ್ಲ. ಮೇಲಿನ ಗ್ಲೈಡರ್ ನೆಲದ ಸಮೀಪ ಫ್ಲ್ಯಾಪ್ ಇಳಿಸಿ 68 ಕಿ.ಮೀ. ವೇಗದಲ್ಲಿದೆ ಎನ್ನಿ. ಮುಂದಿನ ಬೇಲಿ ದಾಟಲು ಇನ್ನಷ್ಟು ವೇಗ ಬೇಕೆನಿಸಿ, ‘ಬ್ರೇಕ್ ಬಿಡುತ್ತೇನೆ’ ಎಂದು ಚಾಲಕ ಫ್ಲ್ಯಾಪನ್ನು ಥಟ್ಟನೆ ಎತ್ತಿದರೆ? ಕನಿಷ್ಠ ವೇಗ ಮತ್ತೆ 72ಕ್ಕೆ ಏರುತ್ತದೆ. ಗ್ಲೈಡರ್ ಅದಕ್ಕಿಂತ ಕೆಳಗಿದೆ. ವೇಗ ಕೂಡುವ ಮೊದಲೇ ಅದು ಕುಸಿಯುತ್ತದೆ. ತಪ್ಪು ಹೋಲಿಕೆ ಕಲಿಸುವುದು ಇದನ್ನೇ.

ನಮ್ಮ ಪ್ರಾತ್ಯಕ್ಷಿಕೆಯೂ ದೋಷಮುಕ್ತವಲ್ಲ. ಕಾಗದದ ವಿಮಾನದ ಹಿಂದಿನ ಅಂಚನ್ನು ಕೆಳಗೆ ಮಡಚಿ ‘ಇದೇ ಫ್ಲ್ಯಾಪ್’ ಎನ್ನುತ್ತೇವೆ. ಆದರೆ ಅದು ಮೂತಿ ತಗ್ಗಿಸಿ, ಇನ್ನೂ ವೇಗವಾಗಿ ನೆಲಕ್ಕೆ ಧುಮುಕುತ್ತದೆ. ಪ್ರತ್ಯೇಕ ಬಾಲವಿಲ್ಲದ ಆ ವಿಮಾನದಲ್ಲಿ ಹಿಂದಿನ ಅಂಚೇ ಎಲಿವೇಟರ್. ಬಾಲವಿರುವ ಥರ್ಮೋಕೋಲ್ ಮಾದರಿಯನ್ನೇ ಬಳಸಬೇಕು. ಪ್ರತಿ ಬಾರಿಯೂ ಮೂತಿಯ ಜೇಡಿಮಣ್ಣನ್ನು ಹೊಂದಿಸಿ ಸಮವಾಗಿ ಜಾರುವಂತೆ ಮಾಡಿ, ಒಂದೇ ದೂರಕ್ಕೆ ಹಿಡಿಯುವ ಕಾಲವನ್ನು ಅಳೆಯಲಿ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಜರ್ಮನಿಯಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಕಲಿತ ವಿ.ಎಂ. ಘಾಟಗೆ ಎರಡನೆಯ ಮಹಾಯುದ್ಧದ ಕಾಲದಲ್ಲೇ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಸೈನಿಕರನ್ನು ಒಯ್ಯುವ ಗ್ಲೈಡರ್ ವಿನ್ಯಾಸ ಮಾಡಿದ್ದರು.

ಚಾರ್ಟನ್ನು ಹೀಗೆ ತಿದ್ದಬಹುದು: ‘ಫ್ಲ್ಯಾಪ್ ರೆಕ್ಕೆಯನ್ನು ಬೇಕಾದ ವೇಗಕ್ಕೆ ಹೊಂದಿಸುತ್ತದೆ, ವೇಗವನ್ನು ಮೂತಿಯ ಓರೆ ನಿರ್ಧರಿಸುತ್ತದೆ.’ ಆ ದಿನ ನಾನು ಪೂರ್ಣ ಅಂಕ ಕೊಟ್ಟಿದ್ದು ಚಾರ್ಟಿಗಲ್ಲ, ಅದನ್ನು ನಂಬದೆ ಕೇಳಿದ ಪ್ರಶ್ನೆಗೆ.