ಚಹಾ ಮೊದಲು, ಜಿನ್ ಆಮೇಲೆ

ಚಹಾ ಬೆರೆಸಿದ ಕಾಕ್‌ಟೇಲ್ ಎಂದರೆ ತಾನಾಗಿಯೇ ಹಗುರ, ಬೇಸಿಗೆಗೆ ಹೇಳಿಮಾಡಿಸಿದ್ದು ಎಂಬ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಚಹಾಕ್ಕಿರುವ ಒಳ್ಳೆಯ ಹೆಸರೇ ಇದಕ್ಕೆ ಕಾರಣ. ಆ ಹೆಸರನ್ನು ಎಷ್ಟು ಸಲೀಸಾಗಿ ದುಡಿಸಿಕೊಳ್ಳಬಹುದು ಎನ್ನುವುದಕ್ಕೆ ಲಾಂಗ್ ಐಲೆಂಡ್ ಐಸ್ಡ್ ಟೀ ಸಾಕ್ಷಿ: ವೋಡ್ಕಾ, ರಮ್, ಜಿನ್, ಟಕೀಲಾ, ಟ್ರಿಪಲ್ ಸೆಕ್ ಸೇರಿ ಮೇಲಿಷ್ಟು ಕೋಲಾ ಬಿದ್ದ ಆ ಗ್ಲಾಸಿನಲ್ಲಿ ಚಹಾದ ಹನಿಯೂ ಇಲ್ಲ, ಬಣ್ಣವಷ್ಟೇ ಇದೆ. ಅದನ್ನು ಪಕ್ಕಕ್ಕಿಡೋಣ, ಅದರಲ್ಲಿ ಚಹಾ ಇದೆಯೆಂದು ಬಲ್ಲವರಾರೂ ವಾದಿಸುವುದಿಲ್ಲ. ತೊಂದರೆ ಇರುವುದು ನಿಜಕ್ಕೂ ಚಹಾ ಬಳಸುವ ಪಾಕಗಳಲ್ಲಿ. ಅವುಗಳಲ್ಲಿ ಬಹುಪಾಲು ಚಹಾವನ್ನು ಪರಿಮಳದ ಮಟ್ಟಕ್ಕಿಳಿಸಿ, ಗ್ಲಾಸನ್ನು ಮದ್ಯ ಮತ್ತು ಸಕ್ಕರೆ ಪಾಕಕ್ಕೆ ಬಿಟ್ಟುಕೊಡುತ್ತವೆ. ಹಗುರತನ ಬೇಕಿದ್ದರೆ ಚಹಾ ನೀರಿನ ಜಾಗದಲ್ಲಿ ನಿಲ್ಲಬೇಕು, ಮದ್ಯ ಅದಕ್ಕೆ ಒಗ್ಗರಣೆಯಷ್ಟೇ ಆಗಬೇಕು.

ಈ ಮಾತನ್ನು ಒರೆಗೆ ಹಚ್ಚಲು ಚಹಾವನ್ನು ಪರಿಮಳಕ್ಕಿಳಿಸುವ ಬಗೆಯಲ್ಲಿ ಅತ್ಯುತ್ತಮವಾದದ್ದನ್ನೇ ಎತ್ತಿಕೊಳ್ಳುವುದು ನ್ಯಾಯ. ನ್ಯೂಯಾರ್ಕಿನಲ್ಲಿ 2005ರಲ್ಲಿ ಪೆಗು ಕ್ಲಬ್ ತೆರೆದ ಆಡ್ರಿ ಸಾಂಡರ್ಸ್ ರೂಪಿಸಿದ ಅರ್ಲ್ ಗ್ರೇ ಮಾರ್ಟೀನಿ ಜಗತ್ತಿನಾದ್ಯಂತ ನಕಲಾದ ಪೇಯ. ಬರ್ಗಮಾಟ್ ಪರಿಮಳದ ಅರ್ಲ್ ಗ್ರೇ ಎಲೆಯನ್ನು ನೇರವಾಗಿ ಜಿನ್ನಿನಲ್ಲೇ ಸುಮಾರು ಎರಡು ಗಂಟೆ ನೆನೆಹಾಕಿ ಸೋಸುತ್ತಾರೆ. ಆ ಜಿನ್ ಸುಮಾರು 45 ಮಿ.ಲೀ., ಅದಕ್ಕೆ ನಿಂಬೆರಸ, ಸಕ್ಕರೆ ಪಾಕ, ಒಂದು ಹಸಿ ಮೊಟ್ಟೆಯ ಬಿಳಿ. ಐಸ್ ಹಾಕಿ ಚೆನ್ನಾಗಿ ಕುಲುಕುತ್ತಾರೆ. ಇದರ ಜಾಣತನವಿರುವುದು ಮೊಟ್ಟೆಯಲ್ಲಿ. ಮದ್ಯ ಎಲೆಯ ಪರಿಮಳದ ಜೊತೆಗೆ ಅದರ ಒಗರನ್ನೂ ಬೇಗ ಎಳೆದುಕೊಳ್ಳುತ್ತದೆ. ಬಿಳಿಯಲ್ಲಿರುವ ಪ್ರೋಟೀನು ಆ ಒಗರಿನ ಟ್ಯಾನಿನ್‌ಗಳನ್ನು ಹಿಡಿದುಕೊಂಡು ನಾಲಗೆಗೆ ಮೆದುವಾಗಿಸುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಕಡು ಡಿಕಾಕ್ಷನ್ನಿಗೆ ಹಾಲು ಮಾಡುವ ಕೆಲಸವೂ ಇದೇ. ಪಾಕವಾಗಿ ಇದು ಮೆಚ್ಚುವಂಥದ್ದು, ಸಂಶಯವಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಶೇಕಡಾ 42.8ರ ಜಿನ್ ಬಳಸಿದರೂ, ಕುಲುಕುವಾಗ ಕರಗಿದ ಐಸ್ ಸೇರಿಸಿ, ಗ್ಲಾಸಿನಲ್ಲಿರುವುದು ಹೆಚ್ಚುಕಡಿಮೆ ಶೇಕಡಾ 12ರ ಮದ್ಯ, ಅಂದರೆ ವೈನಿನ ಕಡುಪು. ಎಸಿ ಇರುವ ಬಾರಿನಲ್ಲಿ ಕೂತು ನಿಧಾನಕ್ಕೆ ಗುಟುಕರಿಸಲು ಅದು ಸರಿ. ಬೆವರಿ ಬಂದವರು ದಾಹಕ್ಕೆಂದು ಗಟಗಟನೆ ಕುಡಿಯುವ ಪದಾರ್ಥವಲ್ಲ. ಬೇಸಿಗೆಯಲ್ಲಿ ಮನೆಯಲ್ಲಿ ಹಸಿ ಮೊಟ್ಟೆ ಬಳಸುವ ತಲೆನೋವು ಬೇರೆ.

ಚಹಾವನ್ನು ನೀರಿನ ಬದಲು ಹಾಕುವುದು ಹೊಸ ಕಲ್ಪನೆಯೇನೂ ಅಲ್ಲ. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನ ನಮ್ಮ ಕಡಲತೀರಗಳಿಂದ ಒಯ್ದ ಪಂಚ್‌ನಲ್ಲಿ ಅರಾಕು, ಹುಳಿಹಣ್ಣಿನ ರಸ, ಸಕ್ಕರೆ, ಮಸಾಲೆ, ನೀರು ಇರುತ್ತಿದ್ದವು. ಇಂಗ್ಲೆಂಡಿನಲ್ಲಿ ಚಹಾದ ಬಳಕೆ ಹರಡಿದಂತೆ ಆ ನೀರಿನ ಜಾಗಕ್ಕೆ ಚಹಾ ಬಂತು. 1862ರಲ್ಲಿ ಬಂದ, ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್‌ನ ಪಾಕಪುಸ್ತಕದಲ್ಲೂ ಚಹಾ ಹಾಕುವ ಪಂಚ್‌ಗಳಿವೆ. ಆ ಕಾಲದ ಬೋಗುಣಿಗಳು ಹಗುರವಾಗಿದ್ದವೆಂದು ಮಾತ್ರ ಯಾರೂ ಭ್ರಮಿಸಬೇಕಿಲ್ಲ, ಬ್ರಾಂದಿ ರಮ್ಮುಗಳನ್ನು ಧಾರಾಳವಾಗಿಯೇ ಸುರಿಯುತ್ತಿದ್ದರು. ಅವರಿಂದ ಪಡೆಯಬೇಕಾದದ್ದು ಜೋಡಣೆ, ಅಳತೆಯಲ್ಲ.

ಈಗ ಮನೆಯ ವಿಧಾನಕ್ಕೆ ಬರೋಣ, ಏಕೆಂದರೆ ಕೆಡುವುದು ಇಲ್ಲೇ. ಹೆಚ್ಚಿನವರು ಚಹಾವನ್ನು ಕಡುವಾಗಿ ಕುದಿಸಿ, ಆರಿಸಿ, ಫ್ರಿಜ್‌ನಲ್ಲಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಮಸುಕಾಗಿ, ಕಲಗಚ್ಚಿನ ಬಣ್ಣಕ್ಕೆ ತಿರುಗುತ್ತದೆ: ಬಿಸಿಯಲ್ಲಿ ಕರಗಿದ್ದ ಕೆಫೀನು ಮತ್ತು ಟ್ಯಾನಿನ್‌ಗಳು ತಣಿಯುವಾಗ ಒಂದನ್ನೊಂದು ಹಿಡಿದುಕೊಂಡು ಕದಡು ಕಟ್ಟುತ್ತವೆ. ಆ ಒಗರನ್ನು ಮುಚ್ಚಲು ಸಕ್ಕರೆ, ಸಕ್ಕರೆಯನ್ನು ಮುರಿಯಲು ನಿಂಬೆ, ಎರಡರ ನಡುವೆ ಜಿನ್ ಕಾಣೆಯಾಯಿತೆಂದು ಇನ್ನೊಂದು ಪೆಗ್. ಹೀಗೆ ಒಂದು ತಪ್ಪು ಉಳಿದ ಮೂರನ್ನು ಕರೆತರುತ್ತದೆ. ತಣ್ಣೀರಿನಲ್ಲಿ ನೆನೆಹಾಕಿದರೆ ಈ ಸರಪಳಿ ಶುರುವಾಗುವುದೇ ಇಲ್ಲ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ 10 ಗ್ರಾಂ ಎಲೆ ಹಾಕಿ, ಫ್ರಿಜ್‌ನಲ್ಲಿ ಆರರಿಂದ ಎಂಟು ಗಂಟೆ ಬಿಟ್ಟು ಸೋಸಿದರೆ ಸಾಕು. ತಣ್ಣೀರು ಕೆಫೀನನ್ನೂ ಒಗರನ್ನೂ ಕಡಿಮೆ ಎಳೆಯುತ್ತದೆ. ಇದಕ್ಕೆ ನೀಲಗಿರಿಯ ಆರ್ಥೊಡಾಕ್ಸ್ ಎಲೆಯೇ ಉತ್ತಮ. ತಣಿದರೂ ತಿಳಿಯಾಗಿ ಉಳಿಯುವ ಗುಣಕ್ಕೆ ಅದು ಹೆಸರುವಾಸಿ. ಜಾಡಿಯನ್ನು ಬಿಸಿಲಿನಲ್ಲಿಟ್ಟು ಚಹಾ ಇಳಿಸುವ ಅಮೆರಿಕನ್ ರೂಢಿಯೊಂದಿದೆ, ಅದನ್ನು ಅನುಸರಿಸದಿರುವುದು ಕ್ಷೇಮ. ಬೆಚ್ಚಗಿನ ನೀರು ಸೂಕ್ಷ್ಮಜೀವಿಗಳಿಗೂ ಹಿತ. ಒಂದು ಗ್ಲಾಸಿಗೆ ಈ ಚಹಾ 120 ಮಿ.ಲೀ., ಜಿನ್ 30, ನಿಂಬೆರಸ 15, ಸಮಪಾಲಿನ ಸಕ್ಕರೆ ಪಾಕ 15. ನಿಂಬೆ ಬಿದ್ದ ಕ್ಷಣ ಕಂದು ಬಣ್ಣ ತಿಳಿಯಾಗಿ ಕಿತ್ತಳೆಗೆ ಬರುತ್ತದೆ, ಲೆಮನ್ ಟೀ ಕುಡಿಯುವವರಿಗೆಲ್ಲ ಪರಿಚಿತ ನೋಟ. ಐಸ್ ಕರಗಿದ ಮೇಲೆ ಮದ್ಯದ ಪ್ರಮಾಣ ಶೇಕಡಾ 6ರ ಆಸುಪಾಸು, ಅಂದರೆ ಬಿಯರಿನ ಮಟ್ಟ. ಪುದೀನ ಬೇಕಿದ್ದರೆ ಎರಡೆಲೆ ಅಂಗೈಯಲ್ಲಿ ತಟ್ಟಿ ಹಾಕಿ, ಅರೆಯಬೇಡಿ.

ಇದು ಸಪ್ಪೆ ಎಂಬ ಆಕ್ಷೇಪ ಬರುತ್ತದೆ. ಅರ್ಧ ನಿಜ: ಬಿಸಿಯಾಗಿ ಕುಡಿಯುವ ಅಳತೆಯಲ್ಲೇ ಎಲೆ ಹಾಕಿದರೆ ಐಸ್ ಮತ್ತು ನಿಂಬೆಯ ಮುಂದೆ ಚಹಾ ನಿಲ್ಲುವುದಿಲ್ಲ. ಅದಕ್ಕೆಂದೇ ಮೇಲಿನ ಅಳತೆಯಲ್ಲಿ ಎಲೆ ಹೆಚ್ಚಿದೆ, ಕುದಿತವಲ್ಲ. ಮನೆಯ ಟೀ ಪುಡಿಯಲ್ಲೇ ಆಗಬಾರದೇ ಎಂದರೆ, ನಮ್ಮ ಡಬ್ಬಿಗಳಲ್ಲಿರುವುದು ಬಹುತೇಕ ಸಿಟಿಸಿ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಸಿಟಿಸಿ ಯಂತ್ರ ಎಲೆಯನ್ನು ಹಿಸುಕಿ, ಹರಿದು, ಸುರುಳಿಸಿ ಹರಳಾಗಿಸುತ್ತದೆ. ಬಣ್ಣ, ಕಡುಪು ಬೇಗ ಬಿಡಬೇಕು ಎನ್ನುವುದೇ ಅದರ ಉದ್ದೇಶ. ಹಾಲು ಸೇರುವ ಲೋಟಕ್ಕೆ ಅದು ವರ, ಹಾಲಿಲ್ಲದ ಈ ಗ್ಲಾಸಿಗೆ ಹೊರೆ.

ಇದಕ್ಕಿಂತ ತೂಕದ ಆಕ್ಷೇಪವೆಂದರೆ, ಹಗುರವಾಗಿದ್ದಷ್ಟೂ ಎಷ್ಟು ಕುಡಿದೆವೆಂಬ ಎಚ್ಚರ ತಪ್ಪುತ್ತದೆ, ಜೊತೆಗೆ ಕೆಫೀನು ಅಮಲಿನ ಅರಿವನ್ನೇ ಮಬ್ಬಾಗಿಸುತ್ತದೆ ಎನ್ನುವುದು. ಕೆಫೀನು ಬೆರೆಸಿದ ಮದ್ಯ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರ ನವೆಂಬರಿನಲ್ಲಿ ಎಚ್ಚರಿಕೆ ಪತ್ರ ಕಳಿಸಿದ್ದು ಸುಮ್ಮನೆ ಅಲ್ಲ. ತಣ್ಣೀರಿನ ಚಹಾದಲ್ಲಿ ಕೆಫೀನು ಕಡಿಮೆಯೆಂಬುದು ಇದಕ್ಕೆ ಅರೆ ಉತ್ತರ. ಸುಲಭವಾಗಿ ಇಳಿಯುತ್ತದೆ ಎನ್ನುವ ಮೊದಲ ಭಾಗವನ್ನಂತೂ ಒಪ್ಪಲೇಬೇಕು. ಹಾಗಾಗಿ ಪೆಗ್ ಅಳತೆಯಿಲ್ಲದೆ ಬಾಟಲಿಯಿಂದ ನೇರ ಬಗ್ಗಿಸುವವರು ಈ ಪೇಯಕ್ಕೆ ಕೈಹಾಕದಿರುವುದೇ ಮೇಲು. ಇನ್ನು, ಪಾನಕ ಮಜ್ಜಿಗೆಗಳಿರುವ ಮನೆಯಲ್ಲಿ ಮದ್ಯವೇ ಏಕೆ ಎಂದು ಕೇಳುವವರಿಗೆ: ಬೇಡವಾದರೆ ಬಿಡಬಹುದು, ಮತ್ತು ಬಿಟ್ಟರೂ ಪೇಯ ಕೆಡಬಾರದು. ಚಹಾ ಕಾಕ್‌ಟೇಲಿನ ಬೆಲೆ ಕಟ್ಟಲು ನನಗೆ ಕಾಣುವ ಅತ್ಯಂತ ಪ್ರಾಮಾಣಿಕ ಪರೀಕ್ಷೆ ಅದೇ. ಸಾಂಡರ್ಸ್ ಅವರ ಪಾಕದಿಂದ ಜಿನ್ ತೆಗೆದರೆ ಚಹಾವೂ ಹೊರಟುಹೋಗುತ್ತದೆ. ನೀರಲ್ಲಿ ಇಳಿಸಿದ ಚಹಾದಿಂದ ಜಿನ್ ತೆಗೆದರೆ ಒಳ್ಳೆಯದೊಂದು ಐಸ್ಡ್ ಟೀ ಉಳಿಯುತ್ತದೆ. ಕುಡಿಯುವವರೂ ಕುಡಿಯದವರೂ ಒಟ್ಟಿಗೆ ಕೂರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ಚಹಾ, ನಿಂಬೆ, ಪಾಕವನ್ನು ಒಂದೇ ಜಗ್‌ನಲ್ಲಿ ಕಲಸಿ ಎಲ್ಲರಿಗೂ ಬಡಿಸಬಹುದು. ಬೇಕೆಂದವರ ಗ್ಲಾಸಿಗೆ ಮಾತ್ರ ಒಂದು ಸ್ಮಾಲ್ ಅಳೆದು ಹಾಕಿದರಾಯಿತು.